ಕಾಯಿನ್ ಸೆಲ್ ಹಿಡಿದು ನ್ಯೂಟ್ರಾನ್ ಮುಂದೆ ಹೋಗಬೇಡ್ರಿ

ವಿಜಯಪುರದಲ್ಲಿ ಎಂಎಸ್ಸಿ ಪ್ರಾಜೆಕ್ಟು, ಕೈಯಲ್ಲಿ ಎನ್‌ಎಂಸಿ (ನಿಕ್ಕೆಲ್-ಮ್ಯಾಂಗನೀಸ್-ಕೋಬಾಲ್ಟ್ ಕ್ಯಾಥೋಡಿನ ಲೀಥಿಯಂ ಬ್ಯಾಟರಿ) ಕಾಯಿನ್ ಸೆಲ್ಲು, ಅಂದರೆ ನಾಣ್ಯದಂಥ ಪುಟ್ಟ ಬ್ಯಾಟರಿ. ಅದನ್ನು ಮುಂಬೈನ ಟ್ರಾಂಬೆಯ ಧ್ರುವ ಎಂಬ ಸಂಶೋಧನಾ ರಿಯಾಕ್ಟರಿಗೆ ಒಯ್ದು, 1ಸಿ ದರದಲ್ಲಿ (ಒಂದೇ ಗಂಟೆಯಲ್ಲಿ ಪೂರ್ತಿ) ಚಾರ್ಜ್ ಆಗುವಾಗಲೇ ನ್ಯೂಟ್ರಾನ್ ಡಿಫ್ರ್ಯಾಕ್ಷನ್ (ನ್ಯೂಟ್ರಾನ್ ಹಾಯಿಸಿ, ಅವು ಚದುರುವ ಬಗೆಯಿಂದ ಪರಮಾಣುಗಳ ಜಾಗ ತಿಳಿಯುವುದು) ತೆಗೆಯಬಹುದೇ ಅಂತ ಕೇಳಿದ್ದೀರಿ. ಬೆಳಗಾವಿಯಲ್ಲಿ ಕೂತು ನಾನೂ ಇಂಥದೇ ಲೆಕ್ಕ ಹಾಕಿದ್ದೆ.

ಕಾಯಿನ್ ಸೆಲ್ಲಿನ ಕ್ಯಾಥೋಡ್ ಪುಡಿ ಹತ್ತಿಪ್ಪತ್ತು ಮಿಲಿಗ್ರಾಂ, ನ್ಯೂಟ್ರಾನಿಗೆ ಗ್ರಾಂಗಟ್ಟಲೆ ಬೇಕು. ಅದಕ್ಕೇ ಎಲೆಕ್ಟ್ರೋಡ್ ಪಟ್ಟಿ ಸುತ್ತಿ ಸಿಲಿಂಡರ್ ಸೆಲ್ ಮಾಡಿದೆ. ಎಲೆಕ್ಟ್ರೋಲೈಟಿಗೆ, ಹೈಡ್ರೋಜನ್ ಬದಲು ಅದರ ಭಾರದ ರೂಪ ಡ್ಯುಟೀರಿಯಂ ಇರುವ ದುಬಾರಿ ಸಾಲ್ವೆಂಟು ತರಿಸಿದೆ. ಎರಡು ಎಲೆಕ್ಟ್ರೋಡುಗಳ ನಡುವಿನ ಸಪರೇಟರ್ ಮಾತ್ರ ಡ್ರಾಯರಿನಲ್ಲಿದ್ದ ಮಾಮೂಲಿ ಪಾಲಿಪ್ರೊಪಿಲೀನ್ ಹಾಳೆ. ಕೆಟ್ಟದ್ದು ಅಲ್ಲೇ.

ಹೈಡ್ರೋಜನ್ ನ್ಯೂಟ್ರಾನುಗಳನ್ನು ದಿಕ್ಕುದಿಕ್ಕಿಗೆ ಚೆಲ್ಲಾಡುತ್ತದೆ. ಅದರ ಇನ್‌ಕೊಹೆರೆಂಟ್ ಕ್ರಾಸ್ ಸೆಕ್ಷನ್ (ಹೀಗೆ ಚೆಲ್ಲಾಡುವ ಗುಣದ ಅಳತೆ, ಬಾರ್ನ್ ಅದರ ಏಕಮಾನ) ಸುಮಾರು 80 ಬಾರ್ನ್, ಡ್ಯುಟೀರಿಯಂದು ಬರೀ 2. ಪಾಲಿಪ್ರೊಪಿಲೀನ್ ತೂಕದಲ್ಲಿ 14% ಹೈಡ್ರೋಜನ್ನೇ. ಹಾಳೆ 25 ಮೈಕ್ರಾನ್ ತಾನೇ ಅಂದುಕೊಂಡೆ. ಆದರೆ ಸುತ್ತಿಗೆ ಎರಡು ಹಾಳೆ, ಒಂದೊಂದನ್ನೂ ಬೀಮು ಒಳಹೋಗುವಾಗೊಮ್ಮೆ ಹೊರಬರುವಾಗೊಮ್ಮೆ ದಾಟುತ್ತದೆ. ಹತ್ತು ಸುತ್ತಿಗೆ 40 ಹಾಳೆ, ಒಟ್ಟು 1 ಮಿಲಿಮೀಟರ್. ಅರ್ಧ ರಂಧ್ರವೆಂದು ಬಿಟ್ಟರೂ ಅರ್ಧ ಮಿಲಿಮೀಟರ್ ಗಟ್ಟಿ ಪ್ಲಾಸ್ಟಿಕ್ಕು! ಬ್ಯಾಕ್‌ಗ್ರೌಂಡ್ ಏರಿ, ಲೀಥಿಯಂ ಎಲ್ಲಿದೆ ಎಂದು ಹೇಳಬೇಕಿದ್ದ ಗ್ರಾಫಿನ ಸಣ್ಣ ಪೀಕುಗಳೆಲ್ಲ ಮುಳುಗಿದವು. ಲ್ಯಾಟಿಸ್, ಅಂದರೆ ಹರಳಿನೊಳಗಿನ ಪರಮಾಣು ಜೋಡಣೆಯ, ಅಳತೆ ಬಂತು. ಅದನ್ನು ಎಕ್ಸ್-ರೇಯಲ್ಲೇ ತೆಗೆಯಬಹುದಿತ್ತು.

ಪಿವಿಡಿಎಫ್ ಎಂಬ ಫ್ಲೋರಿನ್ ಪ್ಲಾಸ್ಟಿಕ್ಕಿನ ಹಾಳೆ ಹಾಕಬೇಕಿತ್ತು, ಅದರಲ್ಲಿ ಹೈಡ್ರೋಜನ್ ಸುಮಾರು 3% ಅಷ್ಟೇ. ಗ್ಲಾಸ್ ಫೈಬರ್ ಕಡೆ ಓಡಬೇಡಿ; ಬೋರೋಸಿಲಿಕೇಟ್ ಆದರೆ ಅದರ ಬೋರಾನ್ ನ್ಯೂಟ್ರಾನುಗಳನ್ನೇ ನುಂಗುತ್ತದೆ. ಮಾಮೂಲಿ ಲೀಥಿಯಂ ಲೋಹದ್ದೂ ಅದೇ ಚಾಳಿ, ಅದರಲ್ಲಿ 7.5% ಇರುವ ಲೀಥಿಯಂ-6ರಿಂದ.

ಇನ್ನು 1ಸಿ ಮಾತು ಬಿಡಿ. ಒಂದು ಪ್ಯಾಟರ್ನಿಗೆ (ಇಂಥ ಒಂದು ಗ್ರಾಫಿಗೆ) ಗಂಟೆ ಹಿಡಿದರೆ ಇಡೀ ಚಾರ್ಜು ಅದೊಂದರಲ್ಲೇ ಕಲಸಿಹೋಗುತ್ತದೆ. ಸಿ/20ಕ್ಕೆ (20 ಗಂಟೆಯ ಚಾರ್ಜಿಗೆ) ಇಳಿದರೆ 20 ಪ್ಯಾಟರ್ನು ಸಿಗುತ್ತವೆ.

ನಿಜ ಹೇಳಲೇ? ನಿಮಗೆ ಚಾರ್ಜ್ ಆಗುತ್ತಲೇ ನೋಡುವ ಪ್ರಯೋಗವೇ ಬೇಡ. ನಿಕ್ಕೆಲ್, ಕೋಬಾಲ್ಟ್, ಮ್ಯಾಂಗನೀಸ್ ಎಕ್ಸ್-ರೇಗೆ ಹೆಚ್ಚುಕಡಿಮೆ ಒಂದೇ, ನ್ಯೂಟ್ರಾನಿಗೆ ಬೇರೆಬೇರೆ, ಚದುರಿಸುವ ಬಲ (ಸ್ಕ್ಯಾಟರಿಂಗ್ ಲೆಂತ್) ಕ್ರಮವಾಗಿ 10.3, 2.5, ಮೈನಸ್ 3.7 ಫೆಮ್ಟೋಮೀಟರ್. ಲೀಥಿಯಂ ಜಾಗದಲ್ಲಿ ನಿಕ್ಕೆಲ್ ಎಷ್ಟು ಕೂತಿದೆ ಎಂದು ತಿಳಿಯಲು ನಾಲ್ಕೈದು ಹಂತಗಳು ಸಾಕು. ಪೌಚ್ ಸೆಲ್ (ಚಪ್ಪಟೆ ಚೀಲದಂಥ ಬ್ಯಾಟರಿ) ಚಾರ್ಜ್ ಮಾಡಿ ಗಾಳಿ-ತೇವ ತಾಗದ ಗ್ಲೋವ್ ಬಾಕ್ಸಿನಲ್ಲಿ ಬಿಚ್ಚಿ, ಕ್ಯಾಥೋಡನ್ನು ಡೈಮೀಥೈಲ್ ಕಾರ್ಬೊನೇಟಿನಲ್ಲಿ ತೊಳೆದು, ವ್ಯಾಕ್ಯೂಮಿನಲ್ಲಿ ಪೂರ್ತಿ ಒಣಗಿಸಿ, ಪುಡಿ ಕೆರೆದು ವೆನೇಡಿಯಂ ಡಬ್ಬಿಗೆ ತುಂಬಿ ಅಲ್ಲೇ ಮುಚ್ಚಿಬಿಡಿ. ವೆನೇಡಿಯಂ ತನ್ನ ಪೀಕು ತೋರಿಸುವುದೇ ಇಲ್ಲ ಅನ್ನಬಹುದು. ಸೀಲ್ ಮಾತ್ರ ಎರಡು ಸಲ ನೋಡಿಕೊಳ್ಳಿ, ಮುಂಬೈ ಮಳೆಗಾಲ ನಿಮ್ಮ ವಿಜಯಪುರದ ಹಾಗಲ್ಲ.