ಪಿಂಚಣಿ, ಮೀಸಲಾತಿ ಇದ್ದರೂ ಅಂಗವಿಕಲರ ಬದುಕು ಯಾಕೆ ಇಷ್ಟು ಕಷ್ಟ?

ಮನೆಯಿಂದ ಹೊರಗೆ ಹೋಗುವುದಕ್ಕೇ ದುಡ್ಡು ಬೇಕು, ಅದು ಮೊದಲ ಕಾರಣ. ಶಿರಸಿ ಕಡೆಯ ಹಳ್ಳಿಯನ್ನೇ ನೋಡಿ. ರಸ್ತೆಗೆ ಬರಲು ತೋಟ ದಾಟಬೇಕು, ನಡುವೆ ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕ. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಗಾಲಿಕುರ್ಚಿಯ ಮಾತೇ ಇಲ್ಲ, ಇಬ್ಬರು ಎತ್ತಿಕೊಂಡೇ ದಾಟಿಸಬೇಕು. ಕಾರವಾರದ ಜಿಲ್ಲಾ ಆಸ್ಪತ್ರೆಗೆ ಘಟ್ಟ ಇಳಿದು 100 ಕಿ.ಮೀ.ಗೂ ಜಾಸ್ತಿ ದಾರಿ. ಬಸ್ಸಿನ ಮೆಟ್ಟಿಲು ಹತ್ತಲಾಗದವರಿಗೆ ರಿಯಾಯಿತಿ ಪಾಸ್ ಇದ್ದೂ ಪ್ರಯೋಜನವಿಲ್ಲ, ಬಾಡಿಗೆ ಕಾರೇ ಗತಿ. ತಿಂಗಳ ಪಿಂಚಣಿ ಆ ಒಂದು ಬಾಡಿಗೆಗೂ ಸಾಲದು. ಜೊತೆಗೆ ಬಂದವರ ಕೂಲಿಯೂ ಹೋಯಿತು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ನೌಕರಿಯಲ್ಲಿ ಕನಿಷ್ಠ 4% ಮೀಸಲಾತಿ ಕೊಟ್ಟಿದೆ. ಅದಕ್ಕೆ ಕನಿಷ್ಠ 40% ವೈಕಲ್ಯದ ಪ್ರಮಾಣಪತ್ರ ಬೇಕು. ಆದರೆ ಮೊದಲು ಓದು ಮುಗಿಯಬೇಕಲ್ವಾ? ಶಾಲೆ ದೂರ ಅಂತ ಬಿಟ್ಟವರಿಗೆ ಆ ಮೀಸಲಾತಿ ಸಿಗುವುದು ಹೇಗೆ?

ನನಗೆ ಇದಕ್ಕಿಂತ ನೋವು ಕೊಡುವುದು ಬೇರೆ. ಮನೆಯವರು ಮದುವೆಗೋ ಮಾರಿಕಾಂಬಾ ಜಾತ್ರೆಗೋ ಹೊರಟಾಗ "ನಿಂಗೆ ಸುಮ್ನೆ ತ್ರಾಸು, ಮನೆಯಲ್ಲೇ ಇರು" ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಬರ್ತೀಯಾ ಅಂತ ಮಾತ್ರ ಕೇಳುವುದಿಲ್ಲ.

ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಇಲ್ಲದಿದ್ದರೆ ಮೊದಲು ಅದಕ್ಕೆ ಅರ್ಜಿ ಹಾಕಿಸಿ. ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಅವರ ಕೆಲಸವೇ ಅದು.