ಗೋವಾದಲ್ಲಿದ್ದ ಅಜ್ಜನಿಗೆ ‘ಪೂರ್ವಿ’ ಸ್ಟಾರ್ ಹೇಗೆ ಬಂತು?

ಪ್ರಶ್ನೆ: ನಮ್ಮ ಅಜ್ಜ 1966ರಿಂದ 1976ರವರೆಗೆ ನೌಕಾಪಡೆಯಲ್ಲಿ ವಿಮಾನದ ಮೆಕ್ಯಾನಿಕ್ ಆಗಿದ್ದರು. ಅವರ ಟ್ರಂಕಿನಲ್ಲಿ ನಾಲ್ಕು ಪದಕ ಸಿಕ್ಕಿವೆ: ಪೂರ್ವಿ ಸ್ಟಾರ್, ಸಂಗ್ರಾಮ್ ಮೆಡಲ್, ಸ್ವಾತಂತ್ರ್ಯದ 25ನೇ ವರ್ಷದ್ದು, 9 ವರ್ಷ ಸೇವೆಯದ್ದು. ಅಜ್ಜ ಇದ್ದದ್ದು ಗೋವಾದಲ್ಲಿ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹಾಗಾದರೆ ‘ಪೂರ್ವಿ’ ಹೇಗೆ? 1965ರ ಯುದ್ಧದ ಪದಕ ಕಳೆದುಹೋಗಿದೆಯಾ? ಫ್ರೇಮಿನಲ್ಲಿ ಯಾವ ಕ್ರಮದಲ್ಲಿ ಹಾಕಿಸಲಿ?
– ಓದುಗರೊಬ್ಬರು, ಗದಗ

ಉತ್ತರ: ಮನೆಯವರು ಹೇಳುವುದೂ ಸುಳ್ಳಲ್ಲ, ಪದಕವೂ ಸುಳ್ಳಲ್ಲ. ಗೋವಾದ ದಾಬೋಲಿಂನಲ್ಲಿರುವ ಐಎನ್‌ಎಸ್ ಹಂಸ ನೌಕಾಪಡೆಯ ವಿಮಾನಗಳ ದೊಡ್ಡ ನೆಲೆ. ವಿಮಾನಗಳನ್ನು ಹೊತ್ತೊಯ್ಯುವ ಯುದ್ಧನೌಕೆ ವಿಕ್ರಾಂತ್‌ನ ಸೀ ಹಾಕ್, ಅಲಿಜೆ ವಿಮಾನಗಳ ದಂಡು ದಡದಲ್ಲಿದ್ದಾಗ ಅಲ್ಲೇ ಇರುತ್ತಿತ್ತು. ಹಡಗು ಹೊರಟರೆ ವಿಮಾನದ ಜೊತೆ ಮೆಕ್ಯಾನಿಕ್‌ಗಳೂ ಹತ್ತಬೇಕು. ಸ್ಪ್ಯಾನರ್ ಹಿಡಿಯುವವರಿಲ್ಲದೆ ವಿಮಾನ ಮೇಲೇಳುತ್ತದಾ?

1971ರ ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ವಿಕ್ರಾಂತ್ ಇದ್ದದ್ದು ಪೂರ್ವದ ಬಂಗಾಳ ಕೊಲ್ಲಿಯಲ್ಲಿ. ಬಾಯ್ಲರ್ ಒಂದು ಸೀಳು ಬಿಟ್ಟು ಹಡಗಿನ ವೇಗವೇ ಕುಗ್ಗಿತ್ತು. ಆದರೂ ಡಿಸೆಂಬರ್ 4ರಂದು ಅದರ ಸೀ ಹಾಕ್‌ಗಳು ಈಗಿನ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಮೇಲೆ, ಆಮೇಲೆ ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ನಿಮ್ಮ ಅಜ್ಜ ಆ ಹಡಗಿನಲ್ಲೇ ಇದ್ದಿರಬಹುದು. ರಜೆಗೆ ಮಾತ್ರ ಗೋವಾದಿಂದ ರೈಲು ಹತ್ತಿ ಬರುತ್ತಿದ್ದರೇನೋ, ಮನೆಯವರ ನೆನಪಲ್ಲಿ ಅದೇ ಉಳಿದಿದೆ.

‘ಇರಬಹುದು’ ಅಂದೆ, ಗಮನಿಸಿ. ಸಂಗ್ರಾಮ್ ಮೆಡಲ್ ಆ ಹೊತ್ತಿಗೆ ಸೇವೆಯಲ್ಲಿದ್ದವರಿಗೆಲ್ಲ ಬಂದದ್ದು. ಸ್ಟಾರ್ ಹಾಗಲ್ಲ. ಪೂರ್ವದ ರಣರಂಗದಲ್ಲಿದ್ದವರಿಗೆ ಪೂರ್ವಿ, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ. ಆದರೆ ಯಾವ ಹಡಗು ಅಂತ ಸ್ಟಾರ್ ಹೇಳುವುದಿಲ್ಲ. ಅದು ಸೇವೆ ಮುಗಿದಾಗ ಕೊಡುವ ಡಿಸ್ಚಾರ್ಜ್ ಬುಕ್‌ನಲ್ಲಿರುತ್ತದೆ. ಟ್ರಂಕಿನ ತಳದಲ್ಲಿ ಇನ್ನೊಮ್ಮೆ ಹುಡುಕಿ. ಸಿಗದಿದ್ದರೆ ನಾವಿಕರ ದಾಖಲೆ ಇಡುವುದು ಮುಂಬೈನ ಮಾನ್‌ಖುರ್ದದಲ್ಲಿರುವ ಬ್ಯೂರೋ ಆಫ್ ಸೇಲರ್ಸ್. ಅಲ್ಲಿಗೆ ಬರೆಯಲು ಅಜ್ಜನ ಸರ್ವಿಸ್ ನಂಬರ್ ಬೇಕು. ಭೂತಗನ್ನಡಿ ಹಿಡಿದು ದುಂಡನೆ ಪದಕಗಳ ಅಂಚು ನೋಡಿ, ಹೆಸರಿನ ಜೊತೆ ನಂಬರೂ ಕೊರೆದಿರುತ್ತದೆ. ಪತ್ರ ಬರೆಯಲು ಸಹಾಯ ಬೇಕಿದ್ದರೆ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕೇಳಿ.

1965ರ ಪದಕ ಕಳೆದಿಲ್ಲ ಬಿಡಿ. ಆ ಯುದ್ಧದ್ದು ರಕ್ಷಾ ಮೆಡಲ್. ಅಜ್ಜ ಸೇರಿದ್ದೇ 1966ರಲ್ಲಿ, ಅಲ್ವಾ? ಸುಮ್ನೆ ಸಂತೆಯಲ್ಲಿ ಒಂದು ಕೊಂಡು ಸಾಲಿಗೆ ಸೇರಿಸಬೇಡಿ. ಹಾಗೆ ಮಾಡಿದವರನ್ನು ನೋಡಿದ್ದೇನೆ. ಗೊತ್ತಿದ್ದವರ ಕಣ್ಣಿಗೆ ಬಿದ್ದರೆ ಅಸಲಿ ಪದಕಗಳ ಮೇಲೂ ಅನುಮಾನ ಬರುತ್ತದೆ. 25ನೇ ವರ್ಷದ್ದು 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಕೊಟ್ಟದ್ದು. 9 ವರ್ಷದ್ದರ ಅರ್ಥ ಹೆಸರಲ್ಲೇ ಇದೆ.

ಕ್ರಮ ನೀವು ಬರೆದಿರುವುದೇ ಸರಿ. ನೋಡುವವರ ಎಡಗಡೆಯಿಂದ ಪೂರ್ವಿ, ಸಂಗ್ರಾಮ್, 25ನೇ ವರ್ಷ, 9 ವರ್ಷ. ರಿಬ್ಬನ್ ಹರಿದಿದ್ದರೆ ಹೊಸದು ಹಾಕಿಸಿ, ಹಳೆಯದನ್ನು ಎಸೆಯದೆ ಫ್ರೇಮಿನ ಹಿಂದೆ ಇಡಿ. ಸ್ಟಾರ್ ಮಂಕಾಗಿದೆ ಅಂತ ಹುಣಸೆಹಣ್ಣು ಹಚ್ಚಿ ತಿಕ್ಕಲು ಮಾತ್ರ ಹೋಗಬೇಡಿ. ಅದು ದೇವರ ಮನೆಯ ತಂಬಿಗೆ ಅಲ್ಲ. ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.