ಓದುಗರ ಪ್ರಶ್ನೆ: ದುಬೈಗೆ ಬಂದ ಶಿಕ್ಷಕಿ ಮನೆ ಎಲ್ಲಿ ಮಾಡಬೇಕು?

ಪ್ರಶ್ನೆ: ಮಾನ್ಯರೇ, ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದ ನಾನು ಈ ಏಪ್ರಿಲ್‌ನಲ್ಲಿ ದುಬೈನ ಅಲ್ ಖುಸೈಸ್‌ನಲ್ಲಿರುವ ಸಿಬಿಎಸ್‌ಇ ಶಾಲೆಗೆ ಸೇರಿದ್ದೇನೆ. ಪತಿ ಮತ್ತು ಮಗ ಊರಿನಲ್ಲೇ ಇದ್ದಾರೆ. ಶಾಲೆಯವರು ಕೊಟ್ಟಿರುವ ತಾತ್ಕಾಲಿಕ ವಸತಿಯನ್ನು ಬೇಗನೆ ತೆರವು ಮಾಡಬೇಕು. ಶಾರ್ಜಾದಲ್ಲಿ ಬಾಡಿಗೆ ಕಡಿಮೆ ಎಂದು ಕೆಲವರು, ಬೆಡ್ ಸ್ಪೇಸ್ (ಹಲವರಿರುವ ಕೋಣೆಯಲ್ಲಿ ಒಂದು ಹಾಸಿಗೆಯಷ್ಟು ಜಾಗ) ಸಾಕು ಎಂದು ಇನ್ನು ಕೆಲವರು ಹೇಳುತ್ತಾರೆ. ಮನೆಪಾಠ ಹೇಳಿಕೊಡಿ ಎಂದು ಪೋಷಕರೂ ಕೇಳುತ್ತಿದ್ದಾರೆ. ರಾತ್ರಿ ನಾನು ಕರೆ ಮಾಡುವ ಹೊತ್ತಿಗೆ ಮಗ ಮಲಗಿಬಿಟ್ಟಿರುತ್ತಾನೆ. ಏನು ಮಾಡಲಿ?
– ಓದುಗರೊಬ್ಬರು, ದುಬೈ

ಉತ್ತರ: ಮೊದಲ ವರ್ಷ ಶಾಲೆಯ ಹತ್ತಿರವೇ ಇರಿ ಎಂಬುದು ನನ್ನ ಖಚಿತ ಸಲಹೆ. ಶಾರ್ಜಾದಲ್ಲಿ ಬಾಡಿಗೆ ಕಡಿಮೆ ಇರುವುದು ನಿಜವಾದರೂ ಅಲ್ಲಿಂದ ದುಬೈಗೆ ಮೆಟ್ರೊ ಇಲ್ಲ. ಬೆಳಿಗ್ಗೆ ಅಲ್ ಇತ್ತಿಹಾದ್ ರಸ್ತೆಯ ವಾಹನ ದಟ್ಟಣೆಯಲ್ಲಿ ಕಳೆಯುವ ಹೊತ್ತು ನಿಮ್ಮ ನಿದ್ದೆಯಿಂದ, ಪಾಠದ ತಯಾರಿಯಿಂದ ಕಡಿತವಾಗುತ್ತದೆ. ಖುಸೈಸ್ ಮತ್ತು ಅಲ್ ನಹ್ದಾದಲ್ಲಿ ಭಾರತೀಯ ಕುಟುಂಬಗಳು ಬಹಳಷ್ಟಿವೆ. ಎರಡೂ ಕಡೆ ಮೆಟ್ರೊದ ಹಸಿರು ಮಾರ್ಗದ ನಿಲ್ದಾಣಗಳಿರುವುದರಿಂದ ರಾಗಿಹಿಟ್ಟು, ಬ್ಯಾಡಗಿ ಮೆಣಸಿನಕಾಯಿ ಬೇಕೆಂದರೆ ಬರ್ ದುಬೈಗೆ ವಾಹನ ಬದಲಿಸದೆ ಹೋಗಿಬರಬಹುದು.

ಆದರೆ ಸ್ವಂತ ಹೆಸರಿನಲ್ಲಿ ಮನೆ ಹಿಡಿಯಲು ಆತುರಪಡಬೇಡಿ. ಇಲ್ಲಿ ಬಾಡಿಗೆಯನ್ನು ತಿಂಗಳು ತಿಂಗಳು ಕಟ್ಟುವ ಪದ್ಧತಿ ಕಡಿಮೆ. ಇಡೀ ವರ್ಷದ ಬಾಡಿಗೆಯನ್ನು ಒಂದರಿಂದ ನಾಲ್ಕು ಮುಂದಿನ ದಿನಾಂಕದ ಚೆಕ್‌ಗಳಲ್ಲಿ ಬರೆದುಕೊಡುವುದೇ ರೂಢಿ. ಚೆಕ್ ಪುಸ್ತಕಕ್ಕೆ ಬ್ಯಾಂಕ್ ಖಾತೆ ಬೇಕು, ಖಾತೆಗೆ ಇಲ್ಲಿನ ನಿವಾಸಿಗಳ ಗುರುತಿನ ಚೀಟಿಯಾದ ಎಮಿರೇಟ್ಸ್ ಐಡಿ ಬೇಕು. ಬಾಡಿಗೆ ಕರಾರನ್ನು ಇಜಾರಿ ಎಂಬ ಸರ್ಕಾರಿ ನೋಂದಣಿ ವ್ಯವಸ್ಥೆಯಲ್ಲಿ ನೋಂದಾಯಿಸಿದ ಮೇಲಷ್ಟೇ ನೀರು, ವಿದ್ಯುತ್ ನಿಮ್ಮ ಹೆಸರಿಗೆ ಬರುತ್ತದೆ. ಅದಕ್ಕೆ ಫ್ಲ್ಯಾಟ್ ಆದರೆ 2,000 ದಿರ್ಹಮ್ ಠೇವಣಿ. ಇದಲ್ಲದೆ ಏಜೆಂಟರ ಕಮಿಷನ್ ಸಾಮಾನ್ಯವಾಗಿ ವಾರ್ಷಿಕ ಬಾಡಿಗೆಯ ಶೇ. 5. ಎಷ್ಟೋ ಜನ ಲೆಕ್ಕಕ್ಕೆ ಹಿಡಿಯಲು ಮರೆಯುವ ವಸತಿ ಶುಲ್ಕವೂ ಶೇ. 5, ಅಂದರೆ 60,000 ದಿರ್ಹಮ್ ಬಾಡಿಗೆಯ ಮನೆಗೆ ನೀರು-ವಿದ್ಯುತ್ ಬಿಲ್ಲಿನೊಂದಿಗೆ ಪ್ರತಿ ತಿಂಗಳು 250 ದಿರ್ಹಮ್ ಹೆಚ್ಚುವರಿಯಾಗಿ ಬರುತ್ತದೆ.

ಹೀಗಾಗಿ ಸದ್ಯಕ್ಕೆ ಈಗಾಗಲೇ ಮನೆ ಮಾಡಿಕೊಂಡಿರುವ ಸಹೋದ್ಯೋಗಿಯೊಬ್ಬರ ಜೊತೆ ಕೋಣೆ ಹಂಚಿಕೊಳ್ಳುವುದು ಒಳ್ಳೆಯದು. ಅವರ ಕರಾರಿನಲ್ಲಿ ನಿಮ್ಮನ್ನು ಸಹನಿವಾಸಿಯೆಂದು ದಾಖಲಿಸಲಾಗಿದೆಯೇ ಎಂಬುದನ್ನು ಮಾತ್ರ ಕಣ್ಣಾರೆ ನೋಡಿ. ಹಾಲ್‌ಗೆ ಹಲಗೆಯ ಗೋಡೆ ಹಾಕಿ ಮಾಡಿದ ಕೋಣೆ ಅಥವಾ ಅಲ್ಲಿನ ಬೆಡ್ ಸ್ಪೇಸ್ ಎಷ್ಟೇ ಅಗ್ಗವಾದರೂ ಬೇಡ. ಅನುಮತಿಯಿಲ್ಲದ ಇಂಥ ವಿಭಜನೆ ನಿಷಿದ್ಧ. ತಪಾಸಣೆ ನಡೆದ ದಿನ ಸಾಮಾನಿನೊಂದಿಗೆ ಬೀದಿಗೆ ಬರಬೇಕಾದೀತು. ಬೆಂಕಿ ಬಿದ್ದರಂತೂ ಹೊರಬರುವುದೇ ಕಷ್ಟ.

ಮನೆಪಾಠದ ವಿಷಯದಲ್ಲಿ ನಾನು ಕಟ್ಟುನಿಟ್ಟು. 2023ರ ಡಿಸೆಂಬರ್‌ನಲ್ಲಿ ಇಲ್ಲಿನ ಸರ್ಕಾರ ಖಾಸಗಿ ಪಾಠಕ್ಕೆ ಪ್ರತ್ಯೇಕ ಪರವಾನಗಿಯನ್ನು ಜಾರಿಗೆ ತಂದಿತು. ಅದಕ್ಕೆ ಶುಲ್ಕವಿಲ್ಲ, ಅವಧಿ ಎರಡು ವರ್ಷ. ಶಾಲೆಯ ಆಕ್ಷೇಪಣಾರಹಿತ ಪತ್ರವನ್ನು ಮೊದಲೇ ಕೇಳಿ ಪಡೆದುಕೊಳ್ಳಿ. ಪರವಾನಗಿ ಕೈಸೇರುವವರೆಗೆ ಪೋಷಕರು ಎಷ್ಟೇ ಒತ್ತಾಯಿಸಿದರೂ ಒಪ್ಪಬೇಡಿ. ಸಿಕ್ಕಿದ ಮೇಲೂ ನಿಮ್ಮದೇ ತರಗತಿಯ ಮಕ್ಕಳನ್ನು ತೆಗೆದುಕೊಳ್ಳಬೇಡಿ. ಶುಲ್ಕ ಕೊಟ್ಟ ಮಗುವಿನ ಉತ್ತರಪತ್ರಿಕೆಯನ್ನು ತಿದ್ದುವಾಗ ನೀವು ಎಷ್ಟೇ ನಿಷ್ಪಕ್ಷಪಾತಿಯಾಗಿದ್ದರೂ ಉಳಿದ ಮಕ್ಕಳ ಪೋಷಕರು ಅದನ್ನು ನಂಬಬೇಕಲ್ಲ!

ಇನ್ನು ನಿಮ್ಮ ಮಗನ ವಿಷಯ. ಇಲ್ಲಿಗಿಂತ ಭಾರತ ಒಂದೂವರೆ ಗಂಟೆ ಮುಂದಿದೆ. ಅಡುಗೆ, ಊಟ ಮುಗಿಸಿ ನೀವು ಒಂಬತ್ತಕ್ಕೆ ಕರೆ ಮಾಡಿದರೆ ದಾವಣಗೆರೆಯಲ್ಲಿ ಹತ್ತೂವರೆ. ಸಂಜೆ ನಾಲ್ಕಕ್ಕೆ ಕರೆ ಮಾಡಿ. ಅಲ್ಲಿ ಐದೂವರೆಯಾಗಿ ಅವನು ಶಾಲೆಯಿಂದ ಬಂದು ತಿಂಡಿ ತಿನ್ನುತ್ತಿರುತ್ತಾನೆ. ಆಗ ಅವನ ಬಾಯಿಂದ ಬರುವ ಸಣ್ಣಪುಟ್ಟ ಸುದ್ದಿ ರಾತ್ರಿಯ ನಿದ್ದೆಗಣ್ಣಿನಲ್ಲಿ ಬರುವುದಿಲ್ಲ. ತಿದ್ದುವ ಪುಸ್ತಕಗಳು ಅರ್ಧ ಗಂಟೆ ಕಾಯಲಿ.

ಕೊನೆಯದಾಗಿ, ಊರಿನ ಬ್ಯಾಂಕಿನಲ್ಲಿರುವ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿ ಭಾರತೀಯರು ಭಾರತದೊಳಗಿನ ಆದಾಯಕ್ಕೆ ಬಳಸುವ) ಖಾತೆಯಾಗಿ ಬದಲಿಸಿಕೊಳ್ಳಬೇಕೆಂಬುದು ನಿಯಮ. ಇಲ್ಲಿಂದ ಕಳಿಸುವ ಸಂಬಳಕ್ಕೆ ಎನ್‌ಆರ್‌ಇ (ವಿದೇಶದ ಗಳಿಕೆಯನ್ನು ಇಡುವ) ಖಾತೆ ತೆರೆಯಿರಿ. ಬೇಸಿಗೆ ರಜೆಗೆ ಊರಿಗೆ ಹೋದಾಗ ವೀಸಾ ಪ್ರತಿಯೊಂದಿಗೆ ಶಾಖೆಗೆ ಹೋದರೆ ಎರಡೂ ಕೆಲಸವನ್ನು ಒಟ್ಟಿಗೆ ಮಾಡಿಸಬಹುದು.